ಹಿಮ್ಮೇಳ ನಿಂತರೆ ಗೇಲಿಯೂ ನಿಲ್ಲುತ್ತದೆ

ಗೀಗೀ ಮೇಳದಲ್ಲಿ ಮುಂದೆ ನಿಂತು ದಪ್ಪು ಬಾರಿಸುತ್ತ ಹಾಡುವವನು ಒಬ್ಬನೇ. ಆದರೆ ಅವನ ಬೆನ್ನಿಗೆ ತುಂತುಣಿ, ತಾಳ ಹಿಡಿದು ಪ್ರತಿ ನುಡಿಯ ಕೊನೆಗೆ ‘ಗೀಗೀ’ ಎಂದು ದನಿ ಎತ್ತುವವರು ಇಲ್ಲದಿದ್ದರೆ ಪದಕ್ಕೆ ಕಳೆಯೇ ಬರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ಕೂತು ಪದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಕಾಡಿಸುವಾಗಲೂ ನಡೆಯುವುದು ಇದೇ. ಅಡ್ಡಹೆಸರು ಕೂಗುವವನು ಒಬ್ಬ. ಅದಕ್ಕೆ ಕಿಸಕ್ಕನೆ ನಕ್ಕು, ಅದೇ ಹೆಸರನ್ನು ಮರುದಿನವೂ ಕೂಗಿ, ಊರ ತುಂಬ ಹಬ್ಬಿಸುವವರು ಉಳಿದವರು. ದೂರು ಬಂದಾಗ ನಾವು ಮುಂದೆ ನಿಂತವನನ್ನು ಮಾತ್ರ ಹಿಡಿದು ಬೈಯುತ್ತೇವೆ. ಹಿಮ್ಮೇಳದವರನ್ನು ಯಾರೂ ಕೇಳುವುದಿಲ್ಲ.

ಕೆನಡಾದ ಟೊರಾಂಟೊದ ಪ್ರಾಥಮಿಕ ಶಾಲೆಗಳ ಆಟದ ಬಯಲಲ್ಲಿ ಮಕ್ಕಳನ್ನು ವಿಡಿಯೊದಲ್ಲಿ ಸೆರೆಹಿಡಿದು ನೋಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಪೀಡನೆ ನಡೆದ ಹತ್ತು ಸಂದರ್ಭಗಳಲ್ಲಿ ಸುಮಾರು ಒಂಬತ್ತರಲ್ಲಿ ಸುತ್ತ ಬೇರೆ ಮಕ್ಕಳು ನಿಂತಿದ್ದರು. ಅವರಲ್ಲಿ ಯಾರಾದರೂ ನಡುವೆ ಬಂದದ್ದು ನೂರಕ್ಕೆ 19 ಸಲ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಹತ್ತೇ ಸೆಕೆಂಡಿನೊಳಗೆ ಕಾಟ ನಿಂತುಹೋಗಿತ್ತು. ಹತ್ತು ಸೆಕೆಂಡು! ಯಾವ ಮಾಸ್ತರರೂ ಸ್ಟಾಫ್ ರೂಮಿನಿಂದ ಅಷ್ಟು ಬೇಗ ಓಡಿಬರಲಾರರು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲೇ ಇದರ ಬೇರು ಹಿಡಿದಿದ್ದರು. ಕಾಡಿಸುವವನಿಗೆ ಕೈಗೂಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಇರುವವರು, ನೊಂದವನ ಪರ ನಿಲ್ಲುವವರು, ಹೀಗೆ ತರಗತಿಯ ಬಹುಪಾಲು ಮಕ್ಕಳಿಗೆ ಅದರಲ್ಲಿ ಒಂದಲ್ಲ ಒಂದು ಪಾತ್ರವಿದೆ ಎಂದು ಅವರು ತೋರಿಸಿದರು. ಆ ದೇಶದ ಶಾಲೆಗಳಲ್ಲಿ ಹೆಸರಾದ ‘ಕಿವಾ’ ಕಾರ್ಯಕ್ರಮ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ.

ಪಾತ್ರ, ಪ್ರೇಕ್ಷಕ, ಹಿಮ್ಮೇಳ ಎಂಬುದೆಲ್ಲ ರಂಗಭೂಮಿಯ ಕಸುಬು. ಪೀಡನೆಯನ್ನು ಶಾಲೆಯಿಂದ ಓಡಿಸಲು ನಾಟಕ, ಹಾಡು ಬೇಕು ಎಂದು ನಾನು ಹೇಳುವುದು ಮನರಂಜನೆಗಾಗಿ ಅಲ್ಲ. ಪ್ರೇಕ್ಷಕರನ್ನು ಬದಲಿಸುವ ವಿದ್ಯೆ ಅದರ ಬಳಿ ಇದೆ, ನೀತಿಪಾಠದ ಬಳಿ ಇಲ್ಲ.

ಯುನೆಸ್ಕೊ 2019ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂವರು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಸಹಪಾಠಿಗಳಿಂದ ಕಾಟ ಅನುಭವಿಸಿದ್ದರು. ಕಾಟ ಎಲ್ಲ ಕಡೆ ಇದೆ, ಅದಕ್ಕೆ ಸಿಗುವ ನೆಪ ಮಾತ್ರ ಊರಿಂದೂರಿಗೆ ಬೇರೆ. ನಮ್ಮ ಈ ನಾಲ್ಕು ತಾಲ್ಲೂಕುಗಳಿಂದ ದುಡಿಯಲು ಗೋವಾಕ್ಕೆ, ಪುಣೆ–ಮುಂಬೈಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಕುಟುಂಬಗಳು ಗುಳೆ ಹೋಗುತ್ತವೆ. ವರ್ಷದ ನಡುವೆ ಮರಳಿ ಬಂದು ತರಗತಿಯಲ್ಲಿ ಕೂತ ಮಗುವಿನ ಕನ್ನಡದಲ್ಲಿ ಮರಾಠಿ, ಕೊಂಕಣಿ, ಹಿಂದಿ ಬೆರೆತಿರುತ್ತದೆ. ಅದು ಬಾಯಿ ತೆರೆದರೆ ಸಾಕು, ನಗು. ತಾಂಡಾದಿಂದ ಬರುವ ಮಗುವಿಗೆ ಮನೆಮಾತು ಲಂಬಾಣಿ; ಶಾಲೆಗೆ ಸೇರಿದ ಮೊದಲ ವರ್ಷ ಅದಕ್ಕೆ ಕನ್ನಡವೇ ಪರಭಾಷೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದವರ ಮಕ್ಕಳು ಹೊಸ ಊರಿನಲ್ಲಿ ಬಹಳ ದಿನ ಹೊರಗಿನವರಾಗಿಯೇ ಉಳಿದರು. ಇವುಗಳ ಮೇಲೆ ಎಲ್ಲ ಊರಲ್ಲೂ ಇರುವಂಥವು ಇದ್ದೇ ಇವೆ: ತೊದಲು ಮಾತು, ಕಪ್ಪು ಬಣ್ಣ, ದಪ್ಪ ಮೈ, ‘ಹುಡುಗ್ಯಾರ ಹಂಗ ನಡೀತಾನ’ ಎಂಬ ಚಾಷ್ಟಿ. ಎಲ್ಲಕ್ಕೂ ಕೆಳಗೆ, ಹೆಸರು ಹೇಳದೆ, ಜಾತಿ.

ಇಂಥಲ್ಲಿ ನಾಟಕ ಹೇಗೆ ಕೆಲಸ ಮಾಡುತ್ತದೆ? ಒಂದು ದೃಶ್ಯ ಕಟ್ಟಿಯೇ ನೋಡೋಣ.

ಏಳನೆಯ ತರಗತಿ. ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಬಿಡಿಸಿದ್ದಾಗಿದೆ. ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಸಿಯೂಟದ ಪಾಳಿ. ಐದಾರು ಮಕ್ಕಳು ತಾಟು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಬ್ಬ ಗೋವಾದಿಂದ ಬಂದ ಹೊಸ ಹುಡುಗ. ಇನ್ನೊಬ್ಬ ಜೋರಿನವ.

“ಏ ಗೋವಾ, ಹಿಂದ ಸರಿ. ಮೀನಿನ ಪಾಳಿ ಆ ಕಡೆ ಐತಿ.”

ಸಾಲಿನಲ್ಲಿದ್ದವರು ನಗುತ್ತಾರೆ. ಹಿಂದಿನಿಂದ ಒಬ್ಬ ‘ಗೋವಾ, ಗೋವಾ’ ಎಂದು ರಾಗ ತೆಗೆಯುತ್ತಾನೆ. ತಳ್ಳಾಟದಲ್ಲಿ ಹೊಸಬನ ತಾಟು ಠಣ್ಣನೆ ನೆಲಕ್ಕೆ ಬೀಳುತ್ತದೆ. ಅಷ್ಟರಲ್ಲಿ ಟೀಚರ್ ಚಪ್ಪಾಳೆ ತಟ್ಟಿ ಆಟ ನಿಲ್ಲಿಸುತ್ತಾರೆ. ನೋಡುತ್ತ ಕೂತ ಮಕ್ಕಳ ಕಡೆ ತಿರುಗಿ ಕೇಳುತ್ತಾರೆ: “ಇಲ್ಲಿ ಯಾರು ಏನು ಮಾಡಬಹುದಿತ್ತು? ಬಾಯಿಲೆ ಹೇಳಬ್ಯಾಡ್ರಿ. ಎದ್ದು ಬಂದು ಮಾಡಿ ತೋರಸ್ರಿ.”

ಮೊದಲು ಎದ್ದು ಬರುವವನ ಉತ್ತರ ಸಾಮಾನ್ಯವಾಗಿ ಒಂದೇ: ಜೋರಿನವನ ಕಪಾಳಕ್ಕೆ ಕೊಡುವುದು. ಆಡಲಿ. ಆಡಿದ ಮೇಲೆ ಟೀಚರ್ ಕೇಳುವುದು ಒಂದೇ ಪ್ರಶ್ನೆ: “ತಾಟು ಇನ್ನೂ ಕೆಳಗೇ ಬಿದ್ದೈತೆಲ್ಲ?” ಎರಡನೆಯವನು ಹೆಡ್‌ಮಾಸ್ತರರಿಗೆ ಹೇಳಲು ಓಡುತ್ತಾನೆ. ಜೋರಿನವನ ಪಾತ್ರಧಾರಿ ಸುಮ್ಮನಿರುವುದಿಲ್ಲ, “ಸಂಜೀಕ ಸಿಗತೀಯಲ್ಲ” ಎನ್ನುತ್ತಾನೆ. ಇಡೀ ತರಗತಿಗೆ ಆ ಮಾತಿನ ಅರ್ಥ ಗೊತ್ತು. ಮೂರನೆಯವಳು ಬರುತ್ತಾಳೆ. ಜೋರಿನವನ ಮುಖವನ್ನೂ ನೋಡದೆ ತಾಟು ಎತ್ತಿ, ನಳದ ಕೆಳಗೆ ತೊಳೆದಂತೆ ಮಾಡಿ, ಹೊಸಬನ ಕೈಗೆ ಕೊಟ್ಟು, “ಬಾರೋ, ನನ್ನ ಮುಂದ ನಿಂದರು” ಎನ್ನುತ್ತಾಳೆ. ಈಗ ಜೋರಿನವನಿಗೆ ಮಾತೇ ಹೊಳೆಯುವುದಿಲ್ಲ. ನಾಲ್ಕನೆಯವನು ತೆಗೆದುಕೊಳ್ಳುವುದು ಹಿಮ್ಮೇಳದ ಜಾಗ. ಅವನು ಮಾಡುವುದು ಇಷ್ಟೇ, ನಗುವುದಿಲ್ಲ. ‘ಗೋವಾ’ ಎಂದು ಕೂಗಿದ್ದಕ್ಕೆ ಮರುದನಿ ಬರುವುದಿಲ್ಲ. ಜೋರಿನವ ಇನ್ನೊಮ್ಮೆ ಕೂಗುತ್ತಾನೆ. ಆಗಲೂ ಇಲ್ಲ. ಮೂರನೆಯ ಸಲ ಕೂಗಲು ಆಡುವವನಿಗೇ ನಾಚಿಕೆಯಾಗುತ್ತದೆ.

ಇಷ್ಟಕ್ಕೆ ಬೇಕಾದದ್ದು ಒಂದು ತಾಟು ಮತ್ತು ಅರ್ಧ ಗಂಟೆ. ಪರದೆ, ಬಣ್ಣ, ಮೈಕು ಯಾವುದೂ ಬೇಡ. ಮಕ್ಕಳು ಇಲ್ಲಿ ಕಲಿಯುವುದು ‘ದಯೆ ಒಳ್ಳೆಯದು’ ಎಂಬುದನ್ನಲ್ಲ, ಅದು ಅವರಿಗೆ ಒಂದನೆಯ ತರಗತಿಯಿಂದಲೇ ಬಾಯಿಪಾಠ. ಆ ಗಳಿಗೆಯಲ್ಲಿ ಕಾಲು ಎತ್ತ ಇಡಬೇಕು, ಕೈಯಿಂದ ಏನು ಮಾಡಬೇಕು, ಯಾವ ಮಾತು ಆಡಬೇಕು ಎಂಬುದರ ತಾಲೀಮು ನಡೆಯುತ್ತದೆ. ಸುಮ್ಮನೆ ನೋಡುತ್ತ ನಿಲ್ಲುವ ಮಗು ಕೆಟ್ಟದ್ದಲ್ಲ. ಅದಕ್ಕೆ ಏನು ಮಾಡಬೇಕೆಂದು ತಿಳಿದಿರುವುದಿಲ್ಲ, ಮುಂದಿನ ಸರದಿ ತನ್ನದಾದೀತೆಂಬ ಹೆದರಿಕೆ ಬೇರೆ. ಒಮ್ಮೆ ಆಡಿ ನೋಡಿದ್ದು ನಿಜವಾದ ಪಾಳಿಯಲ್ಲಿ ಮೈಗೆ ನೆನಪಾಗುತ್ತದೆ.

ಈ ಬಗೆಯ ಆಟಕ್ಕೆ ಜಗತ್ತಿನಲ್ಲಿ ಹೆಸರು ತಂದವನು ಬ್ರೆಜಿಲ್‌ನ ಆಗಸ್ಟೊ ಬೋಲ್ (1931–2009). 1970ರ ದಶಕದಲ್ಲಿ ಅವನು ಕಟ್ಟಿದ ದಮನಿತರ ರಂಗಭೂಮಿಯಲ್ಲಿ ಪ್ರೇಕ್ಷಕನೇ ಎದ್ದು ಬಂದು ಕಥೆಯ ದಾರಿ ತಿರುಗಿಸುತ್ತಾನೆ. ಪಶ್ಚಿಮ ಬಂಗಾಳದಲ್ಲಿ 1985ರಿಂದ ‘ಜನ ಸಂಸ್ಕೃತಿ’ ತಂಡ ಅದನ್ನು ಹಳ್ಳಿಗಳಲ್ಲಿ ಆಡುತ್ತ ಬಂದಿದೆ. ಬೋಲ್‌ನ ಆಟದಲ್ಲಿ ನಡುವೆ ನಿಂತು ಕಥೆ ನಿಲ್ಲಿಸಿ, ನೋಡುಗರನ್ನು ಮಾತಿಗೆಳೆಯುವ ಒಬ್ಬನಿರುತ್ತಾನೆ. ನಮ್ಮ ಸೀಮೆಯವರಿಗೆ ಅವನನ್ನು ಪರಿಚಯ ಮಾಡಿಕೊಡಬೇಕಿಲ್ಲ. ಶ್ರೀಕೃಷ್ಣ ಪಾರಿಜಾತದ ಭಾಗವತ ಮಾಡುವುದು ಅದನ್ನೇ. ಸತ್ಯಭಾಮೆ ಬಂದರೆ ನಿಲ್ಲಿಸಿ ಯಾರು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ದೂತಿಯ ಜೊತೆ ಹರಟುತ್ತ ಜನರ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತಾನೆ. ಪಾರಿಜಾತದ ಕಥೆಯೂ ಒಂದು ಹೂವಿನ ನೆಪದಲ್ಲಿ ಮತ್ಸರ, ಗರ್ವ ಹೇಗೆ ಹುಟ್ಟಿ ಹೇಗೆ ಇಳಿಯುತ್ತದೆ ಎಂಬುದೇ. ಟೀಚರ್ ಬ್ರೆಜಿಲ್‌ನ ಪುಸ್ತಕ ತರಿಸಬೇಕಿಲ್ಲ, ಊರಿನ ಹಿರಿಯ ಭಾಗವತರೊಬ್ಬರ ಜೊತೆ ಒಂದು ಸಂಜೆ ಕೂತು ಆಟ ಎಲ್ಲಿ ತಡೆಯಬೇಕು, ಹೇಗೆ ಪ್ರಶ್ನೆ ಹಾಕಬೇಕು ಎಂದು ಕೇಳಿಕೊಂಡರೆ ಸಾಕು.

ಹರದೇಶಿ–ನಾಗೇಶಿ ನನಗೆ ಇನ್ನೂ ಹೆಚ್ಚಿನ ಆಸೆ ಹುಟ್ಟಿಸುತ್ತದೆ. ಎರಡು ಮೇಳಗಳು ಎದುರುಬದುರು ನಿಂತು ಒಂದು ಗಂಡಿನ ಹಿರಿಮೆಯನ್ನು, ಇನ್ನೊಂದು ಹೆಣ್ಣಿನ ಹಿರಿಮೆಯನ್ನು ಎತ್ತಿಹಿಡಿದು ಸವಾಲು–ಜವಾಬಿನಲ್ಲಿ ರಾತ್ರಿ ಕಳೆಯುತ್ತವೆ. ಮಾತು ಎಷ್ಟೇ ಖಾರವಾದರೂ ಅದು ಪದದ ಚೌಕಟ್ಟಿನೊಳಗೆ ಇರಬೇಕು, ಎದುರು ಮೇಳ ಹಾಡುವಾಗ ಈ ಮೇಳ ಪೂರ್ತಿ ಕೇಳಿಸಿಕೊಳ್ಳಬೇಕು. ಕೇಳದಿದ್ದರೆ ಜವಾಬು ಕೊಡುವುದೇ ಆಗುವುದಿಲ್ಲ. ಸಿಟ್ಟನ್ನು ಕೈಗೆ ಬಿಡದೆ ಮಾತಿಗೆ ತರುವ ಇಂಥ ಶಿಸ್ತು ಎಂಟನೆಯ ತರಗತಿಯ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ? ಶಾಲೆಯಲ್ಲಿ ವಿಷಯ ಬದಲಿಸಿ ಕಟ್ಟಬಹುದು: ಅಡ್ಡಹೆಸರು ಕೂಗಿದವನ ತಪ್ಪು ದೊಡ್ಡದೊ, ಕೇಳಿ ನಕ್ಕವನದು ದೊಡ್ಡದೊ? ಎರಡು ಗುಂಪು ತಾವೇ ನುಡಿ ಕಟ್ಟಿ ಹಾಡಲಿ. ಮರುವಾರ ಪಕ್ಷ ಬದಲಾಯಿಸಿ ಅದೇ ಸವಾಲಿಗೆ ಜವಾಬು ಕೊಡಲಿ. ಹುಡುಗರು ನಾಗೇಶಿಯಾಗಿ ಹಾಡಲಿ, ಹುಡುಗಿಯರು ದಪ್ಪು ಹಿಡಿಯಲಿ.

ಕೇಳಿಸಿಕೊಳ್ಳುವುದರಲ್ಲಿ ಈ ನೆಲಕ್ಕೆ ದೊಡ್ಡ ಪರಂಪರೆ ಇದೆ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮುಂತಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ಹಾಡುಗಳಿಗೆ ಕಿವಿಗೊಟ್ಟರು. 1931ರಲ್ಲಿ ‘ಗರತಿಯ ಹಾಡು’ ಬಂತು. ತವರಿನ ಹಂಬಲ, ಅತ್ತೆಮನೆಯ ನೋವು ಎಲ್ಲವೂ ಆ ಹಾಡುಗಳಲ್ಲಿ ಇದ್ದೇ ಇತ್ತು. ಕೇಳಿ ಬರೆದುಕೊಳ್ಳಬೇಕೆಂದು ಅಷ್ಟು ಆಸ್ಥೆಯಿಂದ ಕೂತವರು ಅದಕ್ಕೆ ಮುಂಚೆ ಕಡಿಮೆ. ಅದೇ ಕೆಲಸವನ್ನು ಇಂದಿನ ತರಗತಿಯಲ್ಲಿ ಮಾಡಬಹುದು. ತಾಂಡಾದ ಹುಡುಗಿಗೆ ಅವಳ ಅಜ್ಜಿಯ ಹಾಡೊಂದನ್ನು ಇಡೀ ತರಗತಿಗೆ ಕಲಿಸಲು ಹೇಳಿ. ಉಚ್ಚಾರ ತಪ್ಪಿದರೆ ತಿದ್ದುವವಳು ಅವಳೇ. ಕನ್ನಡ ಸರಿಯಾಗಿ ಬರುವುದಿಲ್ಲ ಎಂದು ನಿನ್ನೆ ನಕ್ಕವರ ನಾಲಿಗೆ ಇಂದು ಅವಳ ಭಾಷೆಯಲ್ಲಿ ಎಡವುತ್ತದೆ. ಗೋವಾದಿಂದ ಬಂದವನು ಅಲ್ಲಿ ಕಲಿತ ಕೊಂಕಣಿ ಹಾಡು ಹೇಳಲಿ. ಮೊಹರಂನ ಹೆಜ್ಜೆ ಗೊತ್ತಿದ್ದವನು ಹೆಜ್ಜೆ ಕಲಿಸಲಿ. ಹಾಡನ್ನು ಹೇಳಿಕೊಟ್ಟವಳಿಗೆ ಮರುದಿನ ಅಡ್ಡಹೆಸರಿಡುವುದು ಮಕ್ಕಳಿಗೆ ಅಷ್ಟು ಸುಲಭವಲ್ಲ.

ಬಸವನ ಬಾಗೇವಾಡಿಯ ಶಾಲೆಗಳಿಗೆ ಕಥೆ ಹುಡುಕಿ ಹೋಗಬೇಕಾದ ಪ್ರಮೇಯವೇ ಇಲ್ಲ. ಬಾಲಕ ಬಸವಣ್ಣ ತನ್ನ ಉಪನಯನದ ಹೊತ್ತಿನಲ್ಲಿ ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆ ಎಂದು ಕೇಳಿದ ಕಥೆಯನ್ನು ಅಲ್ಲಿನ ಮಕ್ಕಳು ಬಸವ ಜಯಂತಿಗೆ ಆಡುತ್ತಲೇ ಬಂದಿದ್ದಾರೆ. ನಾವು ಅದನ್ನು ಮಹಾಪುರುಷನ ಬಾಲ್ಯವೆಂದು ಆಡಿಸಿ ಮುಗಿಸುತ್ತೇವೆ. ಅದರೊಳಗೆ ಇನ್ನೊಂದು ಇದೆ. ಅವಮಾನ ಆದದ್ದು ಆ ಹುಡುಗನಿಗಲ್ಲ, ಪಕ್ಕದಲ್ಲಿ ನಿಂತ ಇನ್ನೊಬ್ಬಳಿಗೆ. ಹಿರಿಯರು, ನೆಂಟರು ತುಂಬಿದ ಚಪ್ಪರದಲ್ಲಿ ಅವನು ಸುಮ್ಮನಿದ್ದುಬಿಡಬಹುದಿತ್ತು. ಆಟವನ್ನು ಅಲ್ಲಿಗೆ ತಡೆದು ಮಕ್ಕಳನ್ನು ಕೇಳಬೇಕು: ಚಪ್ಪರದಲ್ಲಿ ಕೂತ ನೆಂಟರಲ್ಲಿ ನೀವು ಒಬ್ಬರಾಗಿದ್ದರೆ ಏನು ಮಾಡುತ್ತಿದ್ದಿರಿ? ನಾಗಮ್ಮನ ಪಾತ್ರದವಳು ಆಗ ಏನನ್ನು ಯೋಚಿಸುತ್ತಿದ್ದಳು? ಬಸವಣ್ಣನ ಪಾತ್ರ ಪ್ರತಿ ವರ್ಷ ಜಾಣ ಹುಡುಗನಿಗೇ ಏಕೆ? ಕೊನೆಯ ಬೆಂಚಿನವನಿಗೆ, ಮಾತು ತೊದಲುವವನಿಗೆ ಒಮ್ಮೆ ಕೊಟ್ಟು ನೋಡೋಣ. ತೊದಲು ಇರುವ ಅನೇಕ ಮಕ್ಕಳು ಹಾಡುವಾಗ, ಕಲಿತ ಮಾತನ್ನು ಲಯದಲ್ಲಿ ಹೇಳುವಾಗ ಅಷ್ಟಾಗಿ ತೊದಲುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರವನ್ನು ಹೇಳಲೇಬೇಕು. ಶಾಲೆಯ ರಂಗವೇ ಎಷ್ಟೋ ಸಲ ಕಾಟದ ಜಾಗವಾಗಿರುತ್ತದೆ. ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ರಾಕ್ಷಸನ ಪಾತ್ರ ಯಾವಾಗಲೂ ಕಪ್ಪಗಿರುವವನಿಗೆ, ಹಾಸ್ಯದ ಪಾತ್ರ ದಪ್ಪಗಿರುವವನಿಗೆ, ರಾಣಿಯ ಪಾತ್ರ ಬೆಳ್ಳಗಿರುವವಳಿಗೆ. ತಾಂಡಾದ ಹುಡುಗಿಯರಿಗೆ ಲಂಬಾಣಿ ಕುಣಿತ ಬಿಟ್ಟು ಬೇರೇನೂ ಇಲ್ಲ. ಹಾಸ್ಯದ ದೃಶ್ಯವೆಂದರೆ ಕಿವುಡ, ತೊದಲ, ಹೆಣ್ಣಿಗ ಎಂದು ಅಣಕಿಸುವುದೇ. ಸಾವಿರ ಜನ ನಕ್ಕು ಸಿಳ್ಳೆ ಹೊಡೆದ ಆ ರಾತ್ರಿಯ ಮರುದಿನ, ತರಗತಿಯಲ್ಲಿ ನಿಜವಾಗಿ ತೊದಲುವ ಹುಡುಗನ ಗತಿ ಏನಾಗುತ್ತದೆ ಎಂದು ಪಾಲಕರಾಗಲಿ ಶಿಕ್ಷಕರಾಗಲಿ ಕೇಳಿಕೊಳ್ಳುವುದಿಲ್ಲ. ಅಂಥ ದೃಶ್ಯವನ್ನು ಆಡಿಸುವುದಕ್ಕಿಂತ ಗ್ಯಾದರಿಂಗ್ ಮಾಡದಿರುವುದೇ ಮೇಲು.

ಇನ್ನೊಂದು, ನೊಂದ ಮಗುವಿಗೆ ಅದರ ಸ್ವಂತ ಕಥೆಯನ್ನು ಕಾಡಿಸಿದವರ ಮುಂದೆ ಆಡಿಸಬಾರದು. ಊರು, ಹೆಸರು, ನೆಪ ಎಲ್ಲ ಬದಲಿಸಿ ಬೇರೆ ಕಥೆ ಕಟ್ಟಬೇಕು. ಚಿಕ್ಕವರಾದರೆ ಪ್ರಾಣಿಗಳ ಕಥೆ ಸಾಕು. ಜೋರಿನವನ ಪಾತ್ರವನ್ನು ಪ್ರತಿ ಸಲ ಬೇರೆಯವರು ಮಾಡಬೇಕು, ಇಲ್ಲದಿದ್ದರೆ ಆ ಪಾತ್ರವೇ ಅವನ ಹೆಸರಾಗಿಬಿಡುತ್ತದೆ. ಆಟ ಮುಗಿದ ಮೇಲೆ ಮಕ್ಕಳು ಪಾತ್ರ ಇಳಿಸಿ ಬರಬೇಕು. ಕಂಪನಿ ನಾಟಕದ ಕಲಾವಿದರು ಆಟ ಮುಗಿದ ಕೂಡಲೇ ಬಣ್ಣ ಒರೆಸಿ, ಮುಖ ತೊಳೆದು, ಒಟ್ಟಿಗೆ ಊಟಕ್ಕೆ ಕೂಡುತ್ತಾರಲ್ಲ, ಹಾಗೆ. ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರು ಹೇಳಿ ಜಾಗಕ್ಕೆ ಮರಳಲಿ. ಶಿಕ್ಷಕರಿಗೂ ಒಂದು ಮಾತು: ತರಗತಿಯಲ್ಲಿ ಬಹುಕಾಲ ಉಳಿಯುವ ಅಡ್ಡಹೆಸರುಗಳಲ್ಲಿ ಎಷ್ಟೋ ಮೊದಲು ಬಂದದ್ದು ಮೇಜಿನ ಆಚೆಯಿಂದ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ನೆನಪಿಡಬೇಕು. ಹೊಡೆತ, ಲೈಂಗಿಕ ಕಿರುಕುಳ, ಜಾತಿ ನಿಂದನೆಯಂಥ ಪ್ರಕರಣಗಳಿಗೆ ನಾಟಕ ಮದ್ದಲ್ಲ. ಅಲ್ಲಿ ಕಾನೂನು ಬೇಕು, 1098 ಮಕ್ಕಳ ಸಹಾಯವಾಣಿ ಬೇಕು.

ಸ್ಪರ್ಧೆಯ ಬಗ್ಗೆಯೂ ನನಗೆ ತಕರಾರಿದೆ. ಪ್ರತಿಭಾ ಕಾರಂಜಿ ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆ ಕೊಟ್ಟಿದೆ, ಅದು ಉಳಿಯಬೇಕು. ಆದರೆ ಅದರ ತಯಾರಿಯಲ್ಲಿ ಚೆನ್ನಾಗಿ ಹಾಡುವ ನಾಲ್ವರು ಆಯ್ಕೆಯಾಗಿ ಉಳಿದ ನಲವತ್ತು ಮಕ್ಕಳು ಚಪ್ಪಾಳೆ ತಟ್ಟಲು ಉಳಿಯುತ್ತಾರೆ. ನಾನು ಹೇಳುತ್ತಿರುವ ಕೆಲಸಕ್ಕೆ ಬೇಕಾದವರು ಆ ನಲವತ್ತು ಮಕ್ಕಳು. ಇಲ್ಲಿ ಬಹುಮಾನ ಇಡಬಾರದು, ಚೆನ್ನಾಗಿ ಮಾಡಿದವರು ಯಾರು ಎಂದು ಕೇಳಬಾರದು. ವರ್ಷಕ್ಕೊಮ್ಮೆ ದೊಡ್ಡ ಕಾರ್ಯಕ್ರಮ ಮಾಡುವ ಬದಲು ವಾರಕ್ಕೊಂದು ಅವಧಿ ಸಾಕು. ಸಂಭ್ರಮ ಶನಿವಾರ ಎಂಬ ಬ್ಯಾಗ್ ಇಲ್ಲದ ದಿನ ಹೇಗೂ ಇದೆ, ಅಲ್ಲಿಂದಲೇ ಶುರು ಮಾಡಬಹುದು.

ಕಲಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯ ಮಾಡಬೇಕೆಂದು ಎನ್‌ಸಿಇಆರ್‌ಟಿಯ ತಜ್ಞರ ಗುಂಪು 2006ರಲ್ಲೇ ಹೇಳಿತ್ತು. ನಮ್ಮಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರ ನೇಮಕವೂ ಆಯಿತು, ಆದರೆ ಅವರು ಇಡೀ ರಾಜ್ಯಕ್ಕೆ ಬೆರಳೆಣಿಕೆಯಷ್ಟು. ನೀನಾಸಂ, ರಂಗಾಯಣಗಳಲ್ಲಿ ಕಲಿತು ಕೆಲಸವಿಲ್ಲದೆ ಕೂತ ಹುಡುಗ–ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ತುಮರಿಯ ಕಿನ್ನರ ಮೇಳ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ನಾಟಕ ಆಡಿ ದಾರಿ ತೋರಿಸಿದೆ. ತಾಲ್ಲೂಕಿಗೆ ಒಬ್ಬ ನಾಟಕ ಶಿಕ್ಷಕ ಸಿಕ್ಕರೂ ಕ್ಲಸ್ಟರ್ ಮಟ್ಟದಲ್ಲಿ ಉಳಿದ ಶಿಕ್ಷಕರಿಗೆ ಈ ಆಟಗಳನ್ನು ಹೇಳಿಕೊಡಬಹುದು. ಊರಿನ ಗೀಗೀ ಕಲಾವಿದರನ್ನು, ಪಾರಿಜಾತದ ಭಾಗವತರನ್ನು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಕರೆಸಲಿ. ಶಾಲು ಹೊದಿಸಿ ಕಳಿಸುವುದು ಬೇಡ, ಬಂದ ದಿನದ ಕೂಲಿ ಲೆಕ್ಕ ಹಾಕಿ ಸಂಭಾವನೆ ಕೊಡಲಿ. ಅವರಲ್ಲಿ ಬಹಳ ಮಂದಿ ಬೆಳಿಗ್ಗೆ ಹೊಲದ ಕೆಲಸ ಬಿಟ್ಟು ಬರಬೇಕು.

ಎಲ್ಲಕ್ಕಿಂತ ಮೊದಲು ಇದು ತಲುಪಬೇಕಾದದ್ದು ವಸತಿ ಶಾಲೆಗಳಿಗೆ, ಹಾಸ್ಟೆಲುಗಳಿಗೆ. ಹಳ್ಳಿಯ ಶಾಲೆಯಲ್ಲಿ ಕಾಟ ತಿಂದ ಮಗು ಸಂಜೆ ಮನೆಗೆ ಹೋಗಿ ಅವ್ವನ ಮಡಿಲಲ್ಲಿ ಅತ್ತು ಹಗುರಾಗಬಹುದು. ಮೊರಾರ್ಜಿ ಶಾಲೆಗೋ ಚೆನ್ನಮ್ಮ ಶಾಲೆಗೋ ಆರನೆಯ ತರಗತಿಗೆ ಬಂದು ಸೇರಿದ ಹನ್ನೊಂದು ವರ್ಷದ ಮಗುವಿಗೆ ಆ ಸಂಜೆ ಇಲ್ಲ, ಕಾಡಿಸಿದವರ ಪಕ್ಕದಲ್ಲೇ ಮಲಗಬೇಕು. ಅಲ್ಲಿ ಜೂನ್ ತಿಂಗಳಲ್ಲೇ, ಪಾಠ ಶುರುವಾದ ಮೊದಲ ವಾರವೇ ಆಟ ಶುರುವಾಗಲಿ. ಮೊದಲ ದೃಶ್ಯ ಬೆಳಗಿನ ಜಾವದ ಬಕೆಟ್ ಪಾಳಿಯದೇ ಇರಲಿ. ಯಾರ ಬಕೆಟ್ ಯಾವಾಗಲೂ ಹಿಂದಕ್ಕೆ ಹೋಗುತ್ತದೆ ಎಂಬುದು ವಾರ್ಡನ್‌ಗೆ ಗೊತ್ತಿಲ್ಲದಿದ್ದರೂ ಮಕ್ಕಳಿಗೆಲ್ಲ ಗೊತ್ತಿರುತ್ತದೆ.